ಉಂಡ ಎಲೆ ಎತ್ತುವವರು ಯಾರು?

ಕಳೆದ ಬೇಸಿಗೆಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ತೀರ್ಥಹಳ್ಳಿಯಿಂದ ಒಳಗೆ, ಬಸ್ಸಿಳಿದು ಎರಡು ಮೈಲಿ ನಡೆಯಬೇಕಾದ ಮನೆ. ಕತ್ತಲಾಗುವ ಹೊತ್ತಿಗೆ ಕರೆಂಟು ಹೋಯಿತು. ಸೆಖೆ ತಡೆಯಲಾರದೆ ಎಲ್ಲರೂ ಅಂಗಳಕ್ಕೆ ಬಂದು ಕೂತೆವು. ಆಗ ಅಕ್ಕನ ಮಗಳು, "ಮಾವ, ಅಲ್ಲಿ ನೋಡು" ಎಂದು ಕೈ ತೋರಿಸಿದಳು. ತೆಂಗಿನ ಮರದ ತಲೆಯ ಮೇಲಿಂದ ಬೆಳಕಿನ ಚುಕ್ಕಿಗಳ ಒಂದು ಸಾಲು ಸದ್ದಿಲ್ಲದೆ ಸಾಗುತ್ತಿತ್ತು. ಒಂದರ ಹಿಂದೆ ಒಂದು, ಅಳತೆ ಮಾಡಿ ಪೋಣಿಸಿದ ಹಾಗೆ. ನಡುಬಾನಿಗೆ ಬಂದು, ಪೂರ್ವಕ್ಕೆ ಇಳಿಯುವ ಮೊದಲೇ ಒಂದೊಂದಾಗಿ ಮಾಯವಾದವು.

"ಸ್ಟಾರ್‌ಲಿಂಕ್" ಎಂದಳು ಅವಳು. ಫೋನಿನಲ್ಲಿ ಎಷ್ಟೋ ಸಲ ನೋಡಿದ್ದಳಂತೆ, ಕಣ್ಣಾರೆ ನೋಡಿದ್ದು ಅದೇ ಮೊದಲು. ಭಾವ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಇಷ್ಟೆಲ್ಲ ಮೇಲೆ ಹಾಕ್ತಾರಲ್ಲ, ಕೆಟ್ಟುಹೋದ ಮೇಲೆ ತೆಗೆಯೋರು ಯಾರು?" ಎಂದು ಕೇಳಿದರು.

ಭಾವನ ಪ್ರಶ್ನೆಗೆ ಕಾರಣವಿತ್ತು. ಅವರ ಮನೆಯ ಹಿಂದಿನ ಗುಡ್ಡದ ಮೇಲೆ ಮೊಬೈಲ್ ಟವರೊಂದು ನಿಂತಿದೆ. ಅದನ್ನು ಹಾಕಿದ ಕಂಪನಿ ಎಷ್ಟೋ ವರ್ಷಗಳ ಹಿಂದೆ ಬಾಗಿಲು ಮುಚ್ಚಿತು. ಟವರು ಮಾತ್ರ ತುಕ್ಕು ಹಿಡಿದು ಹಾಗೇ ಇದೆ. ಬೀಳಿಸುವ ಹಾಗಿಲ್ಲ, ಬಿಡುವ ಹಾಗಿಲ್ಲ. ಪಂಚಾಯಿತಿಗೆ ಕೇಳಿದರೆ ನಮ್ಮದಲ್ಲ ಅನ್ನುತ್ತಾರೆ. ಜೋರು ಗಾಳಿ ಬಂದ ರಾತ್ರಿ ಅದು ನರಳುವ ಸದ್ದು ಮನೆಯವರೆಗೂ ಕೇಳುತ್ತದೆ.

ನಾನು ಅಂದು ಭಾವನಿಗೆ ಏನೋ ಅರ್ಧಂಬರ್ಧ ಉತ್ತರ ಕೊಟ್ಟೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಮೊದಲು ಒಂದು ಮಾತನ್ನು ಒಪ್ಪಿಕೊಂಡುಬಿಡಬೇಕು. ಆ ಬೆಳಕಿನ ಸಾಲು ಅಕ್ಕನ ಮನೆಗೆ ಬೇಕಾದದ್ದೇ. ಕೊರೊನಾ ಕಾಲದಲ್ಲಿ ಈ ಹುಡುಗಿ ಆನ್‌ಲೈನ್ ತರಗತಿಗಾಗಿ ಗುಡ್ಡ ಹತ್ತಿ, ಪ್ಲಾಸ್ಟಿಕ್ ಹೊದಿಸಿದ ಗುಡಿಸಲಿನಲ್ಲಿ ಕೂರುತ್ತಿದ್ದಳು. ಮಳೆಗಾಲದಲ್ಲಿ ಭಾವ ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಲ್ಲುತ್ತಿದ್ದರು. ಇಂದಿಗೂ ಆ ಮನೆಯಲ್ಲಿ ಫೋನು ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಮೊದಲು ಓಡಬೇಕಾದದ್ದು ಆ ಮೂಲೆಗೆ. 2022ರ ಜನವರಿಯಲ್ಲಿ ಟೊಂಗಾ ದ್ವೀಪರಾಷ್ಟ್ರದ ಬಳಿ ಸಮುದ್ರದಡಿಯ ಜ್ವಾಲಾಮುಖಿ ಸಿಡಿದು ಕೇಬಲ್ ತುಂಡಾದಾಗ ಇಡೀ ದೇಶ ಜಗತ್ತಿನಿಂದ ಕಡಿದುಹೋಗಿತ್ತು. ಆಗ ನೆರವಿಗೆ ಬಂದ ದಾರಿಗಳಲ್ಲಿ ಉಪಗ್ರಹ ಇಂಟರ್ನೆಟ್ಟೂ ಒಂದು. ಆದ್ದರಿಂದ ಇದನ್ನು ಸಿರಿವಂತರ ಆಟಿಕೆ ಎಂದು ತಳ್ಳಿಹಾಕುವುದು, ಬೆಂಗಳೂರಿನಲ್ಲಿ ಫೈಬರ್ ಸಂಪರ್ಕ ಇಟ್ಟುಕೊಂಡಿರುವ ನನ್ನಂಥವನಿಗೆ ಶೋಭಿಸುವುದಿಲ್ಲ.

ಆದರೂ ಇಷ್ಟೊಂದು ಉಪಗ್ರಹ ಯಾಕೆ ಬೇಕು? ಹಳೆಯ ಸಂಪರ್ಕ ಉಪಗ್ರಹಗಳು ಭೂಮಿಯಿಂದ 35,786 ಕಿಲೋಮೀಟರ್ ಎತ್ತರದಲ್ಲಿರುತ್ತವೆ. ಅಲ್ಲಿ ಅವು ಭೂಮಿಯೊಂದಿಗೇ ತಿರುಗುವುದರಿಂದ ನಮ್ಮ ನೆತ್ತಿಯ ಮೇಲೆ ನಿಂತಲ್ಲೇ ನಿಂತ ಹಾಗೆ ಕಾಣುತ್ತವೆ. ಮೂರು ಇದ್ದರೆ ಹೆಚ್ಚುಕಡಿಮೆ ಇಡೀ ಭೂಮಿಗೆ ಸಾಕು. ಆದರೆ ಅಷ್ಟು ದೂರ ಹೋಗಿ ಬರುವುದರಲ್ಲಿ ನಮ್ಮ ಮಾತಿಗೆ ಉತ್ತರ ಸಿಗಲು ಅರ್ಧ ಸೆಕೆಂಡ್ ಹಿಡಿಯುತ್ತದೆ. ವಿಡಿಯೋ ಕರೆಗೆ ಅದು ದೊಡ್ಡ ತಡೆ. ಹಾಗಾಗಿ ಹೊಸಬರು ಉಪಗ್ರಹವನ್ನು ಸುಮಾರು 550 ಕಿಲೋಮೀಟರ್ ಎತ್ತರಕ್ಕೆ ಇಳಿಸಿದರು. ವಿಳಂಬ ಕಡಿಮೆಯಾಯಿತು. ಆದರೆ ಅಷ್ಟು ಕೆಳಗಿರುವ ಉಪಗ್ರಹ ನಿಲ್ಲಲಾರದು. ಗಂಟೆಗೆ 27,000 ಕಿಲೋಮೀಟರ್ ವೇಗದಲ್ಲಿ ಓಡುತ್ತಲೇ ಇರಬೇಕು, ಕೆಲವೇ ನಿಮಿಷಗಳಲ್ಲಿ ನಮ್ಮ ಕಣ್ಣಿಂದ ಮರೆಯಾಗುತ್ತದೆ. ಒಂದು ಮರೆಯಾಗುವಷ್ಟರಲ್ಲಿ ಇನ್ನೊಂದು ಬರಬೇಕು. ಅಂದರೆ ಸಾವಿರಾರು ಬೇಕು. ಈ ಸಂಖ್ಯೆ ಯಾರದೋ ದುರಾಸೆಯಿಂದ ಹುಟ್ಟಿದ್ದಲ್ಲ. ಅದು ಆ ವಿಧಾನದ ಒಳಗೇ ಇದೆ.

ಸ್ಪೇಸ್‌ಎಕ್ಸ್ ಕಂಪನಿ ಮೊದಲ 60 ಉಪಗ್ರಹಗಳನ್ನು ಒಟ್ಟಿಗೆ ಹಾರಿಸಿದ್ದು 2019ರ ಮೇ ತಿಂಗಳಲ್ಲಿ. 2025ರ ಹೊತ್ತಿಗೆ ಮೇಲಿದ್ದವು 7,000ಕ್ಕೂ ಹೆಚ್ಚು. 12,000ಕ್ಕೆ ಅನುಮತಿ ಪಡೆದು, ಇನ್ನೂ 30,000ಕ್ಕೆ ಅರ್ಜಿ ಹಾಕಿದ ಕಂಪನಿ ಅದು. ಅಮೆಜಾನ್ 3,236ರ ಯೋಜನೆ ಹಾಕಿತು. ಚೀನಾದ ಒಂದು ಜಾಲವೇ ಸುಮಾರು 13,000ದ್ದು. ಒಂದೊಂದರ ಆಯಸ್ಸು ಸುಮಾರು ಐದು ವರ್ಷ. ಹಾಗಾಗಿ ಒಮ್ಮೆ ಹಾರಿಸಿ ಮುಗಿಯುವ ಕೆಲಸವಲ್ಲ ಇದು. ಹಳೆಯದನ್ನು ಇಳಿಸುತ್ತಾ ಹೊಸದನ್ನು ಏರಿಸುತ್ತಾ ಇರಬೇಕು, ಎಲ್ಲಿಯವರೆಗೆ ಇಂಟರ್ನೆಟ್ ಬೇಕೋ ಅಲ್ಲಿಯವರೆಗೆ.

ಈಗ ಭಾವನ ಪ್ರಶ್ನೆಗೆ ಬರೋಣ. ಕೆಟ್ಟ ಉಪಗ್ರಹ ಏನಾಗುತ್ತದೆ?

ಅದು ಎಷ್ಟು ಎತ್ತರದಲ್ಲಿ ಕೆಟ್ಟಿತು ಎನ್ನುವುದರ ಮೇಲಿದೆ. 300 ಕಿಲೋಮೀಟರ್ ಎತ್ತರದಲ್ಲಿ ತೆಳುವಾದ ಗಾಳಿ ಇನ್ನೂ ಇರುತ್ತದೆ, ಅದು ಉಜ್ಜಿ ಉಜ್ಜಿ ವೇಗ ತಗ್ಗಿಸಿ ಬೇಗನೆ ಕೆಳಗೆಳೆಯುತ್ತದೆ. 550ರಲ್ಲಿ ಕೆಲವು ವರ್ಷ. 800 ದಾಟಿದರೆ ನೂರು ವರ್ಷಕ್ಕೂ ಹೆಚ್ಚು. 1,200ರಲ್ಲಿ ಸಾವಿರ ವರ್ಷದ ಲೆಕ್ಕ. ಅಮೆರಿಕ 1958ರಲ್ಲಿ ಹಾರಿಸಿದ ವ್ಯಾನ್‌ಗಾರ್ಡ್-1 ಎಂಬ ಒಂದೂವರೆ ಕಿಲೋ ತೂಕದ ಪುಟ್ಟ ಗೋಳ 1964ರಲ್ಲೇ ಮೌನವಾಯಿತು. ಅದು ಇವತ್ತಿಗೂ ಸುತ್ತುತ್ತಿದೆ. ನಮ್ಮ ಮೊಮ್ಮಕ್ಕಳ ಕಾಲಕ್ಕೂ ಸುತ್ತುತ್ತಿರುತ್ತದೆ.

ಒಂದು ಗೋಳ ಸುತ್ತುತ್ತಿದ್ದರೆ ತೊಂದರೆಯಿಲ್ಲ. ಎರಡು ವಸ್ತುಗಳು ಆ ವೇಗದಲ್ಲಿ ಎದುರಾದರೆ ತೊಂದರೆ. 2009ರ ಫೆಬ್ರವರಿ 10ರಂದು ಸೈಬೀರಿಯಾದ ಮೇಲೆ, ಸುಮಾರು 790 ಕಿಲೋಮೀಟರ್ ಎತ್ತರದಲ್ಲಿ, ಅಮೆರಿಕದ ಕೆಲಸ ಮಾಡುತ್ತಿದ್ದ ಇರಿಡಿಯಂ-33 ಮತ್ತು ರಷ್ಯಾದ ಸತ್ತುಹೋಗಿದ್ದ ಕಾಸ್ಮೋಸ್-2251 ಡಿಕ್ಕಿ ಹೊಡೆದವು. ಎರಡು ಉಪಗ್ರಹ ಹೋಗಿ ಸಾವಿರಾರು ಚೂರುಗಳಾದವು. ಒಂದೊಂದು ಚೂರೂ ಗುಂಡಿಗಿಂತ ವೇಗವಾಗಿ ಹೋಗುವಂಥದು. ಹೀಗೆ ಒಂದು ಡಿಕ್ಕಿಯ ಚೂರು ಇನ್ನೊಂದು ಡಿಕ್ಕಿಗೆ ಕಾರಣವಾಗಿ, ಆ ಚೂರು ಮತ್ತೊಂದಕ್ಕೆ ಕಾರಣವಾಗಿ, ಕೊನೆಗೆ ಆ ಎತ್ತರವೇ ಬಳಕೆಗೆ ಬಾರದ ಹಾಗಾಗಬಹುದು ಎಂದು ನಾಸಾದ ಡೊನಾಲ್ಡ್ ಕೆಸ್ಲರ್ ತಮ್ಮ ಸಹೋದ್ಯೋಗಿಯೊಂದಿಗೆ 1978ರಲ್ಲೇ ಬರೆದಿದ್ದರು. ಈಗ ಒಂದು ಸೆಂಟಿಮೀಟರ್‌ಗಿಂತ ದೊಡ್ಡ ಚೂರುಗಳೇ ಹತ್ತು ಲಕ್ಷಕ್ಕೂ ಹೆಚ್ಚು ಎಂದು ಐರೋಪ್ಯ ಅಂತರಿಕ್ಷ ಸಂಸ್ಥೆಯ ಅಂದಾಜು. ಇದರಲ್ಲಿ ಬೇಕೆಂದೇ ಮಾಡಿದ ಕಸವೂ ಇದೆ. 2007ರಲ್ಲಿ ಚೀನಾ ತನ್ನದೇ ಉಪಗ್ರಹವನ್ನು ಕ್ಷಿಪಣಿಯಿಂದ ಹೊಡೆಯಿತು. 2021ರಲ್ಲಿ ರಷ್ಯಾ ಹೊಡೆಯಿತು. 2019ರ ಮಾರ್ಚ್‌ನಲ್ಲಿ ನಾವೂ ಹೊಡೆದೆವು, ಸುಮಾರು 300 ಕಿಲೋಮೀಟರ್ ಎತ್ತರದಲ್ಲಿ. ಎತ್ತರ ಕಡಿಮೆಯಿದ್ದುದರಿಂದ ಚೂರುಗಳು ಬಹುಪಾಲು ಬೇಗ ಬಿದ್ದುಹೋದವು. ಆದರೂ ನಮ್ಮ ಕೈ ಪೂರಾ ಚೊಕ್ಕಟ ಎಂದು ಹೇಳಿಕೊಳ್ಳಲಾಗದು.

ಇದನ್ನೆಲ್ಲ ಓದುತ್ತಿರುವಾಗ ನನಗೆ ಚಿಕ್ಕಂದಿನ ಒಂದು ಮದುವೆಮನೆ ನೆನಪಾಯಿತು. ಪಂಕ್ತಿ ಮುಗಿದಿತ್ತು. ಎಲ್ಲರೂ ಎದ್ದು ಕೈ ತೊಳೆಯಲು ಹೊರಟರು. ನಮ್ಮ ಶಾಲೆಯ ಮೇಷ್ಟ್ರೊಬ್ಬರು ಮಾತ್ರ ತಾವು ಉಂಡ ಎಲೆಯನ್ನು ಮಡಿಸಿ ಕೈಯಲ್ಲಿ ಹಿಡಿದುಕೊಂಡು ಎದ್ದರು. ಮನೆಯ ಯಜಮಾನರು ಗಾಬರಿಯಿಂದ ಓಡಿಬಂದರು. "ಛೆ ಛೆ, ಬಿಡಿ ಮೇಷ್ಟ್ರೇ, ಅದಕ್ಕೆ ಜನ ಇದ್ದಾರೆ" ಎಂದರು. ಮೇಷ್ಟ್ರು ಸುಮ್ಮನೆ ನಕ್ಕು ಎಲೆ ತೆಗೆದುಕೊಂಡು ಹೋದರು.

ಆ ಜನ ಯಾರೆಂದು ನನಗೆ ಗೊತ್ತಿತ್ತು. ಕೊಟ್ಟಿಗೆಯ ಆಚೆ ಬಿಸಿಲಲ್ಲಿ ಕಾಯುತ್ತಾ ಕೂತಿದ್ದವರು. ಪಂಕ್ತಿಗೆ ಕರೆಯದವರು. ನಾವು ಉಂಡೆದ್ದ ಮೇಲೆ ಎಲೆ ಎತ್ತಿ, ನೆಲ ಬಳಿದು, ಆಮೇಲೆ ಉಳಿದದ್ದನ್ನು ಪಾತ್ರೆಯಲ್ಲಿ ಹಾಕಿಸಿಕೊಂಡು ಹೋಗುವವರು. ಊಟದ ರುಚಿ ಒಬ್ಬರಿಗೆ, ಎಂಜಲು ಇನ್ನೊಬ್ಬರಿಗೆ ಎನ್ನುವ ಏರ್ಪಾಡು ಎಷ್ಟು ಸಹಜವಾಗಿತ್ತೆಂದರೆ, ತನ್ನ ಎಲೆ ತಾನೇ ಎತ್ತಿದವರು ಮರ್ಯಾದೆ ಕೆಡಿಸಿದವರಂತೆ ಕಂಡರು. ಮನುಷ್ಯರನ್ನು ತಲೆಮಾರುಗಟ್ಟಲೆ ಅವಮಾನಿಸಿದ ಆ ಪದ್ಧತಿಯನ್ನು ಲೋಹದ ಕಸಕ್ಕೆ ಹೋಲಿಸಿ ಹಗುರ ಮಾಡಲಾರೆ. ಹೋಲಿಕೆಗೆ ಮಿತಿಯಿದೆ. ಆದರೆ "ಅದಕ್ಕೆ ಜನ ಇದ್ದಾರೆ" ಎನ್ನುವ ಆ ಮಾತು, ಅದರ ಹಿಂದಿನ ನಿಶ್ಚಿಂತೆ, ಎರಡೂ ಕಡೆ ಒಂದೇ. ಆಕಾಶದ ವಿಷಯದಲ್ಲಿ ಆ ಜನ ಇನ್ನೂ ಹುಟ್ಟಿಲ್ಲ, ಅಷ್ಟೇ. ಅವರನ್ನು ಯಾರೂ ಪಂಕ್ತಿಗೆ ಕರೆದಿಲ್ಲ. ಬೇಡ ಎನ್ನಲು ಅವರಿಗೆ ಬಾಯಿಯೂ ಇಲ್ಲ.

ಕಾನೂನು ಏನು ಹೇಳುತ್ತದೆ? 1967ರ ಬಾಹ್ಯಾಕಾಶ ಒಪ್ಪಂದದ ಮೊದಲ ವಿಧಿಯೇ ಬಾಹ್ಯಾಕಾಶದ ಬಳಕೆ ಎಲ್ಲ ದೇಶಗಳ ಹಿತಕ್ಕಾಗಿ ಇರಬೇಕು ಎನ್ನುತ್ತದೆ. ಎರಡನೆಯದು ಯಾವ ದೇಶವೂ ಅದನ್ನು ತನ್ನದೆಂದು ಹೇಳಿಕೊಳ್ಳುವಂತಿಲ್ಲ ಎನ್ನುತ್ತದೆ. ಹಾರಿಸಿದ ವಸ್ತುವಿನ ಒಡೆತನ ಮಾತ್ರ ಅದು ಎಲ್ಲಿದ್ದರೂ ಬದಲಾಗುವುದಿಲ್ಲ. ಬರೆದವರ ಮನಸ್ಸಿನಲ್ಲಿ ಎರಡು ಸರ್ಕಾರಗಳು ಹಾರಿಸುವ ಬೆರಳೆಣಿಕೆಯ ಉಪಗ್ರಹಗಳಿದ್ದವು. ಹತ್ತಾರು ಸಾವಿರ ಉಪಗ್ರಹಗಳ ಕಂಪನಿ ಇರಲಿಲ್ಲ. ಆಕಾಶ ಯಾರದೂ ಅಲ್ಲ ಎನ್ನುವ ನಿಯಮ, ಮೊದಲು ಹೋಗಿ ಕೂತವನ ಕೈಯಲ್ಲಿ ಅದು ತನ್ನದೇ ಎನ್ನುವುದಕ್ಕೆ ಬಹಳ ಹತ್ತಿರ ಬರುತ್ತದೆ. ರೇಡಿಯೋ ತರಂಗಗಳ ಹಂಚಿಕೆಯಲ್ಲಂತೂ ಮೊದಲು ಅರ್ಜಿ ಹಾಕಿದವರಿಗೇ ಆದ್ಯತೆ.

2019ರ ಸೆಪ್ಟೆಂಬರ್‌ನಲ್ಲಿ ನಡೆದ ಒಂದು ಸಣ್ಣ ಪ್ರಸಂಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಐರೋಪ್ಯ ಸಂಸ್ಥೆಯ ಗಾಳಿ ಅಳೆಯುವ ಉಪಗ್ರಹ ಅಯೋಲಸ್‌ಗೂ ಒಂದು ಸ್ಟಾರ್‌ಲಿಂಕ್ ಉಪಗ್ರಹಕ್ಕೂ ಡಿಕ್ಕಿಯಾಗುವ ಸಂಭವ ಕಂಡಿತು. ಯಾರು ದಾರಿ ಬಿಡಬೇಕು? ನಮ್ಮ ಘಾಟಿ ರಸ್ತೆಯಲ್ಲಿ ಇಳಿಯುವ ಗಾಡಿ ಹತ್ತುವ ಗಾಡಿಗೆ ದಾರಿ ಬಿಡಬೇಕೆಂಬ ನಿಯಮವಾದರೂ ಇದೆ. ಮೇಲೆ ಅದೂ ಇಲ್ಲ. ಈಮೇಲ್‌ಗಳು ಓಡಾಡಿದವು. ಸಂಭವ ಹೆಚ್ಚಾಗಿದೆ ಎಂಬ ಸುದ್ದಿ, ತಮ್ಮ ಸಂದೇಶ ವ್ಯವಸ್ಥೆಯ ದೋಷದಿಂದ ತಮ್ಮ ಸಿಬ್ಬಂದಿಗೆ ತಲುಪಲಿಲ್ಲ ಎಂದು ಸ್ಪೇಸ್‌ಎಕ್ಸ್ ಆಮೇಲೆ ಹೇಳಿತು. ಕೊನೆಗೆ ಅಯೋಲಸ್ಸೇ ಪಕ್ಕಕ್ಕೆ ಸರಿಯಿತು. ಈಗ ಸ್ಟಾರ್‌ಲಿಂಕ್ ಉಪಗ್ರಹಗಳು ತಾವಾಗಿಯೇ ತಪ್ಪಿಸಿಕೊಳ್ಳುತ್ತವೆ, ಅದು ಒಳ್ಳೆಯದೇ. ಆದರೆ ನಿಯಮ ಬಂದದ್ದರಿಂದ ಹಾಗಾದದ್ದಲ್ಲ, ಕಂಪನಿ ಮನಸ್ಸು ಮಾಡಿದ್ದರಿಂದ ಆದದ್ದು.

ಎಲ್ಲರದಾದದ್ದು ಹಾಳಾಗಿಯೇ ತೀರುತ್ತದೆ ಎಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ವಾದಿಸಿದ್ದ. ಗೋಮಾಳಕ್ಕೆ ಪ್ರತಿಯೊಬ್ಬನೂ ಇನ್ನೊಂದು ಹಸು ಬಿಡುತ್ತಾನೆ, ಲಾಭ ಅವನಿಗೆ, ಸವೆತ ಎಲ್ಲರಿಗೆ. ಎಲಿನರ್ ಆಸ್ಟ್ರಮ್ ಇದನ್ನು ಒಪ್ಪಲಿಲ್ಲ. ಜಗತ್ತಿನ ಹಲವೆಡೆಯ ಕಾಡು, ಹುಲ್ಲುಗಾವಲು, ನೀರಾವರಿ ಕಾಲುವೆಗಳನ್ನು ಅಧ್ಯಯನ ಮಾಡಿ, ಜನ ತಾವೇ ಕಟ್ಟಳೆ ಮಾಡಿಕೊಂಡು ತಲೆಮಾರುಗಳ ಕಾಲ ಉಳಿಸಿಕೊಂಡದ್ದನ್ನು ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ಬಯಲುಸೀಮೆಯ ಕೆರೆಗಳಿಗೆ ನೀರುಗಂಟಿ ಇದ್ದದ್ದು ಇಂಥದೇ ಕಟ್ಟಳೆ. ಕೆರೆ ಅವನದಲ್ಲ, ಆದರೆ ತೂಬು ಎತ್ತುವುದು ಅವನು. ಯಾರ ಗದ್ದೆಗೆ ಎಷ್ಟು ಎನ್ನುವುದು ಅವನಿಗೆ ಗೊತ್ತು. ಅವನು ಅದೇ ಊರಿನವನು, ಸುಗ್ಗಿಯಲ್ಲಿ ಅವನ ಪಾಲನ್ನು ಕೊಡುವವರು ರೈತರೇ. ಆದರೆ ಆಸ್ಟ್ರಮ್ ನೋಡಿದ ಜಾಗಗಳಲ್ಲಿ ಬಳಸುವವರೂ ಕಷ್ಟ ಅನುಭವಿಸುವವರೂ ಒಬ್ಬರೇ. ಕೆರೆ ಬತ್ತಿದರೆ ಮೇಲಿನ ಗದ್ದೆಯವನ ಮಕ್ಕಳೂ ಉಪವಾಸ. ಕಕ್ಷೆಯಲ್ಲಿ ಹಾಗಿಲ್ಲ. ಬಳಸುವವನು ಐದು ವರ್ಷದ ಲೆಕ್ಕ ಬರೆಯುತ್ತಾನೆ, ಕಸ ನೂರು ವರ್ಷದ ಲೆಕ್ಕದಲ್ಲಿರುತ್ತದೆ. ಆಕಾಶಕ್ಕೆ ಮಾಲೀಕ ಬೇಕಿಲ್ಲ. ಬೇಕಾಗಿರುವುದು ನೀರುಗಂಟಿ.

"ಕೆಳಗಿನ ಕಕ್ಷೆಯವು ತಾವೇ ಸುಟ್ಟುಹೋಗುತ್ತವಲ್ಲ, ಇನ್ನೇನು ಚಿಂತೆ?" ಎಂದು ಒಬ್ಬ ಗೆಳೆಯ ಕೇಳಿದ. ಇದು ಗಟ್ಟಿಯಾದ ಪ್ರಶ್ನೆಯೇ. ಕೆಲಸ ಮುಗಿದ ಐದು ವರ್ಷದೊಳಗೆ ಇಳಿಸಬೇಕೆಂದು ಅಮೆರಿಕದ ಸಂಪರ್ಕ ಆಯೋಗ 2022ರಲ್ಲಿ ನಿಯಮ ಮಾಡಿತು, ಅದಕ್ಕೆ ಮೊದಲು 25 ವರ್ಷದ ಸಲಹೆಯಿತ್ತು. ಇದು ನಿಜವಾದ ಮುನ್ನಡೆ. ಆದರೆ ಸುಟ್ಟದ್ದು ಎಲ್ಲಿ ಹೋಗುತ್ತದೆ? ಉಪಗ್ರಹದಲ್ಲಿ ಅಲ್ಯೂಮಿನಿಯಂ ಸಾಕಷ್ಟಿರುತ್ತದೆ. ಸುಮಾರು 250 ಕಿಲೋ ತೂಕದ ಒಂದು ಉಪಗ್ರಹ ಸುಟ್ಟಾಗ ಸುಮಾರು 30 ಕಿಲೋ ಅಲ್ಯೂಮಿನಿಯಂ ಆಕ್ಸೈಡಿನ ನುಣುಪು ಧೂಳು ಉಳಿಯಬಹುದೆಂದು 2024ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಓಝೋನ್ ಪದರವನ್ನು ಸವೆಸುವ ಕ್ರಿಯೆಗಳಿಗೆ ಈ ಧೂಳು ಇಂಬು ಕೊಡಬಲ್ಲದು ಎನ್ನುವುದು ವಿಜ್ಞಾನಿಗಳ ಆತಂಕ. 2023ರಲ್ಲಿ ಅಮೆರಿಕದ ವಿಜ್ಞಾನಿಗಳು ಎತ್ತರದಲ್ಲಿ ವಿಮಾನ ಹಾರಿಸಿ ಗಾಳಿಯನ್ನು ಪರೀಕ್ಷಿಸಿದಾಗ, ಅಲ್ಲಿನ ಗಂಧಕಾಮ್ಲದ ಕಣಗಳಲ್ಲಿ ಸುಮಾರು ನೂರಕ್ಕೆ ಹತ್ತರಲ್ಲಿ ಉಪಗ್ರಹ, ರಾಕೆಟ್‌ಗಳಿಂದ ಬಂದ ಲೋಹವಿತ್ತು. ಎಲೆಯನ್ನು ಎತ್ತಿದ್ದೇನೋ ನಿಜ. ಹಾಕಿದ್ದು ಮಾತ್ರ ಎಲ್ಲರೂ ನೀರು ಸೇದುವ ಬಾವಿಯ ಪಕ್ಕಕ್ಕೆ.

ಇನ್ನು ನಕ್ಷತ್ರಗಳ ಮಾತು. ಲಡಾಖ್‌ನ ಹಾನ್ಲೆಯಲ್ಲಿರುವ ನಮ್ಮ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ ನಡೆಸುತ್ತಾರೆ. ಅಲ್ಲಿನ ಕತ್ತಲನ್ನು ಕಾಪಾಡಲು ಆ ಪ್ರದೇಶವನ್ನೇ ಕತ್ತಲ ಆಕಾಶದ ಮೀಸಲು ತಾಣವೆಂದು ಸಾರಿದ್ದಾರೆ. ಹಳ್ಳಿಯವರು ದೀಪಗಳಿಗೆ ಮರೆ ಕಟ್ಟಿಕೊಂಡು ಸಹಕರಿಸುತ್ತಾರೆ. ಆದರೆ ಮೇಲಿಂದ ಹಾದುಹೋಗುವ ದೀಪಕ್ಕೆ ಮರೆ ಕಟ್ಟಲು ಅವರಿಗೆ ಸಾಧ್ಯವೇ? ಇಲ್ಲಿ ನನಗೆ ಸಂಕೋಚವಾಗುತ್ತದೆ. ಅಕ್ಕನ ಮಗಳ ಓದಿನ ಮುಂದೆ ನನ್ನ ನಕ್ಷತ್ರ ನೋಡುವ ಸುಖ ತೂಗುವುದಿಲ್ಲ. ಆದರೆ ಯಾವಾಗಲೂ ಅವಳನ್ನೇ ಮುಂದೆ ನಿಲ್ಲಿಸಿ ಆಕಾಶ ಕೇಳುವುದೂ ಸರಿಯಲ್ಲ. ಮೇಲಿನ ತಟ್ಟೆಯ ಬೆಲೆ, ತಿಂಗಳ ಶುಲ್ಕ ಅವಳ ಅಪ್ಪನಿಗೆ ಎಟುಕುವ ಹಾಗಿದ್ದರೆ ಮಾತ್ರ ಆ ವಾದಕ್ಕೆ ಬೆಲೆ. ಅವಳ ಪಂಚಾಯಿತಿವರೆಗೆ ಬಂದಿರುವ ಫೈಬರ್ ತಂತಿಯನ್ನು ಅವಳ ಮನೆಗೆ ಎಳೆಯಲು ನಾವು ಯಾಕೆ ಇಷ್ಟು ವರ್ಷ ಮನಸ್ಸು ಮಾಡಲಿಲ್ಲ ಎಂಬ ಪ್ರಶ್ನೆಯೂ ಜೊತೆಗಿರಬೇಕು.

ಮೇಷ್ಟ್ರ ಹಾಗೆ ತನ್ನ ಎಲೆ ತಾನೇ ಎತ್ತಿದವರು ಮೇಲೆ ಯಾರೂ ಇಲ್ಲವೇ? ಇದ್ದಾರೆ, ನಮ್ಮ ಬೆಂಗಳೂರಿನಲ್ಲೇ. ಮೇಘಾ-ಟ್ರಾಪಿಕ್ಸ್ ಎಂಬ ಉಪಗ್ರಹವನ್ನು ಇಸ್ರೋ ಮತ್ತು ಫ್ರಾನ್ಸ್ ಸೇರಿ 2011ರ ಅಕ್ಟೋಬರ್‌ನಲ್ಲಿ ಹಾರಿಸಿದ್ದವು, ಉಷ್ಣವಲಯದ ಮಳೆ ಮೋಡಗಳನ್ನು ಅಧ್ಯಯನ ಮಾಡಲು. ಮೂರು ವರ್ಷಕ್ಕೆಂದು ಮಾಡಿದ್ದು ಹತ್ತು ವರ್ಷ ದುಡಿಯಿತು. ಕೆಲಸ ಮುಗಿದಾಗ ಅದು 867 ಕಿಲೋಮೀಟರ್ ಎತ್ತರದಲ್ಲಿತ್ತು. ಹಾಗೇ ಬಿಟ್ಟಿದ್ದರೆ ನೂರು ವರ್ಷಕ್ಕೂ ಹೆಚ್ಚು ಸುತ್ತುತ್ತಿತ್ತು. ಹೀಗೆ ಇಳಿಸುವುದಕ್ಕೆಂದು ಅದನ್ನು ಕಟ್ಟಿರಲೇ ಇಲ್ಲ. ಆದರೆ ಟ್ಯಾಂಕಿನಲ್ಲಿ ಸುಮಾರು 125 ಕಿಲೋ ಇಂಧನ ಉಳಿದಿತ್ತು. 2022ರ ಆಗಸ್ಟ್‌ನಿಂದ ಆ ಇಂಧನವನ್ನು ಹನಿಹನಿಯಾಗಿ ಬಳಸುತ್ತಾ, ಸುಮಾರು ಇಪ್ಪತ್ತು ಸಲ ಅದರ ದಾರಿ ತಿದ್ದುತ್ತಾ ಇಳಿಸಿದರು. 2023ರ ಮಾರ್ಚ್ 7ರಂದು ಅದು ಶಾಂತಸಾಗರದ ನಿರ್ಜನ ಭಾಗದ ಮೇಲೆ ಉರಿದು ಮುಗಿಯಿತು. ಯಾವ ಕಾನೂನೂ ಅವರ ಕೈ ಹಿಡಿದು ಮಾಡಿಸಿರಲಿಲ್ಲ.

ಅದೇ ಮಾರ್ಚ್ 26ರಂದು ಶ್ರೀಹರಿಕೋಟಾದಿಂದ ಇಸ್ರೋದ ರಾಕೆಟ್ಟೇ ಒನ್‌ವೆಬ್ ಕಂಪನಿಯ 36 ಇಂಟರ್ನೆಟ್ ಉಪಗ್ರಹಗಳನ್ನು ಹೊತ್ತು ಹಾರಿತು. 600ಕ್ಕೂ ಹೆಚ್ಚಿರುವ ಆ ಜಾಲದ ನೆಲೆ 1,200 ಕಿಲೋಮೀಟರ್ ಎತ್ತರದಲ್ಲಿ. ಚೆನ್ನಾಗಿರುವಷ್ಟು ಕಾಲ ಅವು ತಮ್ಮ ಎಂಜಿನ್ನಿನಿಂದಲೇ ಇಳಿದುಬರಬಲ್ಲವು. ಕೆಟ್ಟು ನಿಂತರೆ ಸಾವಿರ ವರ್ಷ. ಒಂದೇ ತಿಂಗಳಲ್ಲಿ ಒಂದು ಎಲೆ ಎತ್ತಿದ ಕೈಯೇ 36 ಎಲೆ ಹಾಸಿತು. ಇದನ್ನು ಇಸ್ರೋವನ್ನು ಹಳಿಯಲು ಹೇಳುತ್ತಿಲ್ಲ. ನಾವೆಲ್ಲ ನಿಂತಿರುವ ಜಾಗವೇ ಇದು. ಊಟ ಬೇಕು, ಎಲೆಯೂ ಎತ್ತಬೇಕು. ಎರಡನ್ನೂ ಒಪ್ಪಿಕೊಳ್ಳುವುದರಿಂದಲೇ ನೀತಿ ಶುರುವಾಗುತ್ತದೆ.

ನನಗೆ ಹೊಳೆಯುವುದು ಇಷ್ಟೇ. ಇಡುವ ಹಕ್ಕು ಎತ್ತುವ ಹೊಣೆಯಿಂದ ಬೇರೆಯಾಗಬಾರದು. ಇಳಿಸಲು ಬೇಕಾದ ಇಂಧನವನ್ನು ಕೊನೆಗೆ ಉಳಿದರೆ ನೋಡೋಣ ಎಂದಲ್ಲ, ಮೊದಲೇ ತೆಗೆದಿಟ್ಟು ಹಾರಿಸಬೇಕು. ಕೆಟ್ಟು ನಿಂತದ್ದನ್ನು ಎತ್ತುವ ಖರ್ಚಿಗೆ ಮುಂಗಡ ಠೇವಣಿ ಇಡಿಸಿಕೊಳ್ಳಬೇಕು. ಕಂಪನಿ ಮುಚ್ಚಿದರೂ ಆ ಹಣ ಉಳಿದಿರಬೇಕು. ಒಂದು ಎತ್ತರದಲ್ಲಿ ಎಷ್ಟು ಹಿಡಿಸುತ್ತದೆ ಎಂಬ ಲೆಕ್ಕ ಮೊದಲು ಆಗಬೇಕು, ಹಂಚಿಕೆ ಆಮೇಲೆ. ಸುಟ್ಟ ಧೂಳೂ ಆ ಲೆಕ್ಕದಲ್ಲಿ ಸೇರಬೇಕು. ಇದರಿಂದ ಇಂಟರ್ನೆಟ್ ತುಸು ದುಬಾರಿಯಾದೀತು. ಈಗ ಅಗ್ಗವಾಗಿ ಕಾಣುತ್ತಿರುವುದು, ಅದರ ಒಂದು ಪಾಲನ್ನು ಹುಟ್ಟದವರ ಹೆಸರಿಗೆ ಬರೆದಿರುವುದರಿಂದ.

ಮರುದಿನ ಬೆಳಿಗ್ಗೆ ಹೊರಡುವಾಗ ಅಕ್ಕನ ಮಗಳು ಕೇಳಿದಳು, "ನಮ್ಮಲ್ಲಿಗೂ ಬಂದ್ರೆ ಹಾಕಿಸ್ಬಹುದಲ್ವಾ ಮಾವ?" 2025ರ ಜೂನ್‌ನಲ್ಲಿ ಭಾರತದಲ್ಲಿ ಸ್ಟಾರ್‌ಲಿಂಕ್‌ಗೆ ಪರವಾನಗಿ ಸಿಕ್ಕ ಸುದ್ದಿಯನ್ನು ಅವಳು ಆಗಲೇ ಓದಿಕೊಂಡಿದ್ದಳು. "ಹಾಕಿಸೋಣ" ಎಂದೆ. ಮನಸ್ಸಿನಿಂದಲೇ ಹೇಳಿದೆ.

ಭಾವ ಬಸ್ಸಿನವರೆಗೆ ಬಂದರು. ದಾರಿಯಲ್ಲಿ ಗುಡ್ಡದ ಮೇಲಿನ ಟವರು ಕಾಣುವ ತಿರುವಿನಲ್ಲಿ ಒಂದು ಗಳಿಗೆ ನಿಂತು, "ಇದನ್ನ ಹಾಕೋವಾಗ ಸಹಿ ಮಾಡಿದ್ದು ನಾನೇ" ಎಂದರು. "ತೆಗೆಯೋದರ ಬಗ್ಗೆ ಕಾಗದದಲ್ಲಿ ಏನೂ ಇರಲಿಲ್ಲ. ನಾನೂ ಕೇಳ್ಲಿಲ್ಲ."